ಹೊಸಬನ ಜಾತಕ ಹಳಬರ ಕೈಯಲ್ಲಿ

ಪೂರ್ವ ಆಫ್ರಿಕದ ವಿಕ್ಟೋರಿಯಾ ಸರೋವರಕ್ಕೆ ನೈಲ್ ಪರ್ಚ್ ಎಂಬ ದೈತ್ಯ ಮೀನನ್ನು ತಂದು ಬಿಟ್ಟದ್ದು 1950ರ ದಶಕದಲ್ಲಿ, ವಸಾಹತು ಆಡಳಿತ ಇನ್ನೂ ಮುಗಿಯದ ಕಾಲದಲ್ಲಿ. ಸರೋವರದ ತುಂಬ ಇದ್ದದ್ದು ಸಿಕ್ಲಿಡ್ ಕುಟುಂಬದ ಸಣ್ಣ ಮೀನುಗಳು. ಮುಳ್ಳು ಜಾಸ್ತಿ, ಮಾಂಸ ಕಡಿಮೆ. ನೂರು ಕಿಲೋ ದಾಟಬಲ್ಲ ಪರ್ಚ್ ಈ ಚಿಲ್ಲರೆ ಮೀನುಗಳನ್ನು ತಿಂದು ಮಾರುಕಟ್ಟೆಗೆ ಒದಗುವ ಮೀನಾಗಲಿ ಎಂಬುದು ಅಂದಿನ ಲೆಕ್ಕಾಚಾರ. ಮೊದಲ ಎರಡು ದಶಕ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಬಲೆಗೆ ಅಲ್ಲೊಂದು ಇಲ್ಲೊಂದು ಪರ್ಚ್ ಬೀಳುತ್ತಿತ್ತು, ಅಷ್ಟೆ. 1980ರ ದಶಕ ಕಾಲಿಟ್ಟದ್ದೇ ತಡ, ನೀರೆಲ್ಲ ಪರ್ಚ್‌ಮಯವಾಯಿತು. ಸರೋವರದ ತಳಭಾಗದ ಮೀನುರಾಶಿಯಲ್ಲಿ ಶೇ 80ರಷ್ಟಿದ್ದ ಸಿಕ್ಲಿಡ್‌ಗಳ ಪಾಲು ಶೇ 1ಕ್ಕಿಂತ ಕೆಳಗೆ ಕುಸಿಯಿತು. 500ಕ್ಕೂ ಮೇಲ್ಪಟ್ಟ ಸಿಕ್ಲಿಡ್ ಪ್ರಭೇದಗಳಲ್ಲಿ ಸುಮಾರು 200 ಕಣ್ಮರೆಯಾದವು. ಪರಿಣಾಮ ನೀರಿಗೇ ನಿಲ್ಲಲಿಲ್ಲ. ಸಿಕ್ಲಿಡ್‌ಗಳನ್ನು ಬಿಸಿಲಿಗೆ ಹರವಿ ಒಣಗಿಸಬಹುದಿತ್ತು. ಕೊಬ್ಬು ತುಂಬಿದ ಪರ್ಚ್‌ಗೆ ಹೊಗೆಯೇ ಬೇಕು. ಹೊಗೆಗೆ ಸೌದೆ, ಸೌದೆಗೆ ದಡದ ಮರ. ಮರ ಹೋದ ಮೇಲೆ ಮಣ್ಣು ಸರೋವರಕ್ಕೆ.

ಹಾಗಾದರೆ ನೈಲ್ ಪರ್ಚ್ ಹುಟ್ಟಾ ವಿನಾಶಕಾರಿಯೇ? ಹೆಚ್ಚು ದೂರ ಹೋಗಬೇಕಿಲ್ಲ. ಅದೇ ಸೀಮೆಯ ಆಲ್ಬರ್ಟ್ ಸರೋವರ, ತುರ್ಕಾನಾ ಸರೋವರಗಳು ಈ ಮೀನಿನ ತವರು. ಅಲ್ಲಿಯೂ ಸಿಕ್ಲಿಡ್‌ಗಳಿವೆ. ಪರ್ಚ್ ಅವುಗಳ ನಡುವೆ ಸಾವಿರಾರು ವರ್ಷಗಳಿಂದ ತಿಂದುಕೊಂಡು, ತಿನ್ನಿಸಿಕೊಂಡು ಬದುಕಿದೆ. ಬಾಯಿ ಅದೇ, ಹೊಟ್ಟೆಯೂ ಅದೇ, ಫಲಿತಾಂಶ ಮಾತ್ರ ಬೇರೆ. ಹೊಸ ಜೀವಿಯೊಂದು ಬಂದಾಗ ಏನಾಗುತ್ತದೆ ಎಂಬುದಕ್ಕೆ ಉತ್ತರವನ್ನು ನಾವು ಆ ಜೀವಿಯ ಮೈಯಲ್ಲಿ ಹುಡುಕುತ್ತೇವೆ: ಎಷ್ಟು ಬೀಜ ಹಾಕುತ್ತದೆ, ಎಷ್ಟು ತಿನ್ನುತ್ತದೆ, ಎಷ್ಟು ಬೇಗ ಬೆಳೆಯುತ್ತದೆ. ಕಳೆದ ಐವತ್ತು ವರ್ಷಗಳ ಗಣಿತ ಬೇರೆ ಕಡೆಗೆ ಬೆರಳು ತೋರಿಸುತ್ತಿದೆ. ಹೊಸಬನ ಹಣೆಬರಹದ ಹೆಚ್ಚಿನ ಭಾಗ ಬರೆದಿರುವುದು ಅದು ಕಾಲಿಟ್ಟ ಜೀವಜಾಲದಲ್ಲಿ, ಕಾಲಿಟ್ಟ ಗಳಿಗೆಯಲ್ಲಿ. ಈ ಮಾತನ್ನು ಒಪ್ಪಿದರೆ ಕಾಡು, ಕೆರೆಗಳನ್ನು ನೋಡಿಕೊಳ್ಳುವ ನಮ್ಮ ರೀತಿಯೂ ಬದಲಾಗಬೇಕಾಗುತ್ತದೆ.

ಈ ಗಣಿತ ಶುರುವಾದದ್ದೂ ಮೀನಿನಿಂದಲೇ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ತಗ್ಗಿತ್ತು. ಆಗ ಬಲೆಗೆ ಬಿದ್ದ ಮೀನುಗಳಲ್ಲಿ ಶಾರ್ಕ್‌ನಂಥ ಬೇಟೆಗಾರ ಮೀನುಗಳ ಪಾಲು ಏರಿತ್ತು. ಇದೇಕೆ ಎಂದು ಜೀವವಿಜ್ಞಾನಿ ಉಂಬರ್ಟೊ ಡಿ'ಅಂಕೋನಾ ಕೇಳಿದ ಪ್ರಶ್ನೆಗೆ ಗಣಿತಜ್ಞ ವಿಟೊ ವೋಲ್ಟೆರಾ 1926ರಲ್ಲಿ ಸಮೀಕರಣಗಳಲ್ಲಿ ಉತ್ತರ ಕೊಟ್ಟರು. ಅಮೆರಿಕದ ಆಲ್‌ಫ್ರೆಡ್ ಲಾಟ್ಕಾ ತಮ್ಮದೇ ದಾರಿಯಲ್ಲಿ ಅದೇ ಸಮೀಕರಣಗಳನ್ನು ತಲುಪಿದ್ದರು. ಬೇಟೆ ಹೆಚ್ಚಿದರೆ ಬೇಟೆಗಾರ ಹೆಚ್ಚುತ್ತದೆ, ಬೇಟೆಗಾರ ಹೆಚ್ಚಿದರೆ ಬೇಟೆ ಕುಗ್ಗುತ್ತದೆ. ಸೊಗಸಾದ ಲೆಕ್ಕ. ಆದರೆ ಅಲ್ಲಿ ಪಾತ್ರಧಾರಿಗಳ ಪಟ್ಟಿ ಮೊದಲೇ ನಿಗದಿ. ಆಟದ ನಡುವೆ ಹೊಸ ಪಾತ್ರ ರಂಗಕ್ಕೆ ಬರುವುದಿಲ್ಲ. 1972ರಲ್ಲಿ ರಾಬರ್ಟ್ ಮೇ ನೂರಾರು ಪ್ರಭೇದಗಳನ್ನು ಒಟ್ಟಿಗೆ ಲೆಕ್ಕಕ್ಕೆ ತಂದಾಗಲೂ ಪಟ್ಟಿ ನಿಗದಿಯೇ ಆಗಿತ್ತು. ಆದರೂ ಅವರ ಫಲಿತಾಂಶ ಪರಿಸರ ವಿಜ್ಞಾನಿಗಳ ನಿದ್ದೆ ಕೆಡಿಸಿತು. ಪ್ರತಿ ಪ್ರಭೇದದ ಸ್ವನಿಯಂತ್ರಣವನ್ನು ಒಂದು ಎಂದಿಟ್ಟುಕೊಳ್ಳಿ. ಪ್ರಭೇದಗಳ ಸಂಖ್ಯೆ, ಅವುಗಳ ನಡುವಿನ ಸಂಬಂಧಗಳ ದಟ್ಟಣೆ, ಆ ಸಂಬಂಧಗಳ ಬಲದ ವರ್ಗ, ಈ ಮೂರರ ಗುಣಲಬ್ಧ ಒಂದನ್ನು ಮೀರಿತೋ, ವ್ಯವಸ್ಥೆ ಅಸ್ಥಿರ. ವೈವಿಧ್ಯ ಹೆಚ್ಚಿದಷ್ಟೂ ಹೊರಗಿನವರು ನುಸುಳುವುದು ಕಷ್ಟ ಎಂದು ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್ 1958ರಲ್ಲಿ ಬರೆದಿದ್ದರು. ಮೇ ಅವರ ಲೆಕ್ಕ ಅದಕ್ಕೆ ಎದುರಾಗಿ ನಿಂತಿತು.

ಹೊಸ ಪಾತ್ರವನ್ನು ರಂಗಕ್ಕೆ ತರುವ ಲೆಕ್ಕ ನಿಜಕ್ಕೂ ಸರಳ. ಹೊಸ ಪ್ರಭೇದದ ನಾಲ್ಕಾರು ಜೀವಿಗಳು ಮಾತ್ರ ಇರುವಾಗ ಅವುಗಳ ಬೆಳವಣಿಗೆಯ ದರ ಸೊನ್ನೆಗಿಂತ ಮೇಲಿದೆಯೋ ಕೆಳಗಿದೆಯೋ ನೋಡಬೇಕು. ಮೇಲಿದ್ದರೆ ಹೊಸಬ ನುಸುಳಬಹುದು, ಕೆಳಗಿದ್ದರೆ ಅಳಿಯುತ್ತದೆ. ಈ ದರವನ್ನು ಲೆಕ್ಕ ಹಾಕುವ ಬಗೆಯನ್ನು ಗಮನಿಸಿ. ನಾಲ್ಕಾರು ಜೀವಿಗಳಿಗೆ ತಮ್ಮ ಸುತ್ತಲನ್ನು ಬದಲಿಸುವ ಶಕ್ತಿ ಇರುವುದಿಲ್ಲ. ಆಹಾರ ಎಷ್ಟಿದೆ, ಶತ್ರು ಎಷ್ಟಿದೆ, ಪೈಪೋಟಿ ಎಷ್ಟಿದೆ ಎಂಬ ಅಂಕಿಗಳೆಲ್ಲ ಈಗಾಗಲೇ ಅಲ್ಲಿ ನೆಲೆಸಿರುವ ಪ್ರಭೇದಗಳಿಂದ ಬರಬೇಕು. ಹೀಗಾಗಿ ಹೊಸಬನ ಯೋಗ್ಯತೆ ಎಂದು ನಾವು ಕರೆಯುವ ಸಂಖ್ಯೆಯಲ್ಲಿ ಮುಕ್ಕಾಲು ಪಾಲು ಹಳಬರ ಜನಗಣತಿಯೇ ತುಂಬಿರುತ್ತದೆ. ಒಂದೇ ಪ್ರಭೇದಕ್ಕೆ ಒಂದು ಕೆರೆಯಲ್ಲಿ ಧನ ಸಂಖ್ಯೆ, ಪಕ್ಕದ ಕೆರೆಯಲ್ಲಿ ಋಣ ಸಂಖ್ಯೆ ಬಂದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಅದೇ ಕೆರೆಯಲ್ಲಿ ಹತ್ತು ವರ್ಷದ ಬಳಿಕ ಚಿಹ್ನೆ ಬದಲಾಗಲೂಬಹುದು.

ನುಸುಳುವುದು ಒಂದು, ನೆಲೆಸಿದ ಮೇಲೆ ಇಡೀ ಜಾಲ ಏನಾಗುತ್ತದೆ ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಗೆ ಅತ್ಯಂತ ನಿಚ್ಚಳವಾದ ಮಾದರಿಯೊಂದು ಹುಟ್ಟಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಸಂಜಯ್ ಜೈನ್ ಮತ್ತು ಸಂದೀಪ್ ಕೃಷ್ಣ 1998ರಿಂದ ಕಟ್ಟುತ್ತ ಬಂದ ಈ ಮಾದರಿಯ ಮೂಲ ಉದ್ದೇಶ ಜೀವದ ಉಗಮಕ್ಕೆ ಮುನ್ನ ಅಣುಗಳ ಗುಂಪು ಹೇಗೆ ಸಂಘಟಿತವಾಯಿತು ಎಂದು ನೋಡುವುದು. ಆದರೆ ಅದರ ತರ್ಕ ಅಣುಗಳಿಗಷ್ಟೇ ಸೀಮಿತವಲ್ಲ. ಕಾಗದದ ಮೇಲೆ ನೂರು ಚುಕ್ಕಿ ಇಡಿ. ಒಂದೊಂದು ಚುಕ್ಕಿಯೂ ಒಂದು ಪ್ರಭೇದ. ಯಾವುದೇ ಚುಕ್ಕಿಯಿಂದ ಇನ್ನೊಂದಕ್ಕೆ ಬಾಣ ಬೀಳುವ ಸಂಭವ ಸಾವಿರಕ್ಕೆ ಎರಡೂವರೆ, ಅಂದರೆ ನೂರು ಚುಕ್ಕಿಗಳ ನಡುವೆ ಸುಮಾರು 25 ಬಾಣ. ಬಾಣದ ಅರ್ಥ ಇಷ್ಟೇ: ಇದು ಇದ್ದರೆ ಅದು ಬೆಳೆಯುತ್ತದೆ. ಕಂಪ್ಯೂಟರ್ ಎಲ್ಲ ಪ್ರಭೇದಗಳ ಸಂಖ್ಯೆಯನ್ನು ನಿಲುಗಡೆಗೆ ಬರುವತನಕ ಓಡಿಸುತ್ತದೆ. ಬಳಿಕ ಎಲ್ಲಕ್ಕಿಂತ ಬಡವಾದ ಪ್ರಭೇದವೊಂದನ್ನು ತೆಗೆದು, ಅದರ ಜಾಗದಲ್ಲಿ ಹೊಸದೊಂದನ್ನು ಮನಬಂದಂತೆ ಬಾಣ ಹಾಕಿ ಕೂರಿಸುತ್ತದೆ. ಮತ್ತೆ ಓಟ, ಮತ್ತೆ ಒಂದರ ನಿರ್ಗಮನ, ಮತ್ತೊಂದರ ಆಗಮನ. ಇಷ್ಟೇ ನಿಯಮ.

ಮೊದಲ ಸಾವಿರಾರು ಸುತ್ತುಗಳಲ್ಲಿ ಯಾವ ಹೊಸಬನಿಂದಲೂ ಏನೂ ಆಗದಿರಬಹುದು. ಬರುತ್ತವೆ, ಹೋಗುತ್ತವೆ. ಹೀಗೇ ಒಮ್ಮೆ ಬಂದ ಒಂದು ಚುಕ್ಕಿಯ ಬಾಣಗಳು ಆಕಸ್ಮಿಕವಾಗಿ ಒಂದು ಸರಪಣಿಯ ಎರಡೂ ತುದಿಗಳನ್ನು ಕೂಡಿಸುತ್ತವೆ: ಒಂದು ಇನ್ನೊಂದನ್ನು ಬೆಳೆಸುತ್ತದೆ, ಅದು ಮತ್ತೊಂದನ್ನು, ಆ ಮತ್ತೊಂದು ಮೊದಲನೆಯದನ್ನು. ಆವರ್ತವೊಂದು ಮುಚ್ಚಿಕೊಂಡಿತು. ಅಲ್ಲಿಂದ ಆಟದ ಸ್ವರೂಪವೇ ಬೇರೆ. ಆವರ್ತದಿಂದ ಪೋಷಣೆ ಸಿಗುವ ಪ್ರಭೇದ ಮಾತ್ರ ಉಳಿಯುತ್ತದೆ, ಉಳಿದವುಗಳ ಪಾಲು ಸೊನ್ನೆಗೆ ಇಳಿಯುತ್ತದೆ. ಕೆಲವು ನೂರು ಸುತ್ತುಗಳ ಪ್ರಮಾಣದಲ್ಲಿ ಆವರ್ತ ಮತ್ತು ಅದು ಪೋಷಿಸುವ ಪ್ರಭೇದಗಳ ಬಳಗ ಘಾತೀಯವಾಗಿ ಬೆಳೆದು ನೂರೂ ಚುಕ್ಕಿಗಳನ್ನು ಆವರಿಸುತ್ತದೆ. ವಿಪರ್ಯಾಸ ಇಲ್ಲಿದೆ: ಹೊರಗಿನವರು ಯಾರೂ ಉಳಿಯದಿದ್ದಾಗ ಪ್ರತಿ ಸುತ್ತಿನ ಬಲಿ ಬಳಗದೊಳಗಿನಿಂದಲೇ ಬರಬೇಕು. ಜಾಲ ತನ್ನನ್ನೇ ಕೊರೆಯತೊಡಗುತ್ತದೆ. ಒಂದು ದಿನ ನೂರರಲ್ಲಿ ಅರ್ಧಕ್ಕೂ ಹೆಚ್ಚು ಪ್ರಭೇದಗಳು ಒಮ್ಮೆಲೇ ಉರುಳುತ್ತವೆ.

ಜೈನ್ ಮತ್ತು ಕೃಷ್ಣ 2002ರಲ್ಲಿ ಪ್ರಕಟಿಸಿದ ಪ್ರಬಂಧ ಈ ಮಹಾ ಅಳಿವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಅಳಿವಿನ ದಾರಿಗಳು ಮುಖ್ಯವಾಗಿ ಮೂರು. ಕೆಲವೊಮ್ಮೆ ಆವರ್ತವನ್ನು ಹಿಡಿದಿಟ್ಟಿದ್ದ ಕೀಲಿ ಪ್ರಭೇದವೊಂದು ಬಡವಾಗಿ ಹೊರಬೀಳುತ್ತದೆ. ಅದರೊಂದಿಗೆ ಇಡೀ ಕಟ್ಟಡ ಕುಸಿಯುತ್ತದೆ. ಕೆಲವೊಮ್ಮೆ ಹೊಸಬ ಅಂಚಿನಲ್ಲಿ ಹಳೆಯದಕ್ಕಿಂತ ಬಲವಾದ ಆವರ್ತವನ್ನು ಕಟ್ಟಿ ತಕ್ಷಣವೇ ಗದ್ದುಗೆ ಹಿಡಿಯುತ್ತದೆ. ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಮೂರನೆಯದು. ಹೊಸಬ ಅಂಚಿನಲ್ಲಿ ಆವರ್ತವೊಂದನ್ನು ಕಟ್ಟುತ್ತದೆ, ಆದರೆ ಅದು ಹಳೆಯದನ್ನು ಮೀರಿಸುವಷ್ಟು ಬಲವಾಗಿಲ್ಲ. ಏನೂ ಆಗುವುದಿಲ್ಲ. ಸುತ್ತುಗಳು ಉರುಳುತ್ತವೆ. ಬಳಿಕ ಯಾವುದೋ ಸಂಬಂಧವಿಲ್ಲದ ಕಾರಣಕ್ಕೆ ಹಳೆಯ ಆವರ್ತ ಸೊರಗುತ್ತದೆ, ಆಗ ಮೂಲೆಯಲ್ಲಿ ಮಲಗಿದ್ದದ್ದು ಎದ್ದು ಎಲ್ಲವನ್ನೂ ಆಕ್ರಮಿಸುತ್ತದೆ. ಬಂದ ದಿನ ನೋಡಿದವರು ಅದನ್ನು ನಿರುಪದ್ರವಿ ಎಂದೇ ಬರೆದುಕೊಂಡಿರುತ್ತಾರೆ. ಗಣಿತದ ಭಾಷೆಯಲ್ಲಿ ಅವರು ಬರೆದದ್ದು ಅಂದಿನ ಮಟ್ಟಿಗೆ ಸರಿಯೂ ಹೌದು.

ಇದಕ್ಕೆ ಮೊದಲ ಆಕ್ಷೇಪ ತಕ್ಷಣವೇ ಬರುತ್ತದೆ: ಚುಕ್ಕಿ ಬಾಣಗಳ ಈ ಆಟಕ್ಕೂ ಕಾಡಿಗೂ ಏನು ಸಂಬಂಧ? ಇಲ್ಲಿ ತಿನ್ನುವವರಿಲ್ಲ, ಕೊಲ್ಲುವವರಿಲ್ಲ, ಋತುಗಳಿಲ್ಲ. ಹೊಸಬರೂ ಆಕಾಶದಿಂದ ಬಿದ್ದಂತೆ ಬರುತ್ತಾರೆ. ನಿಜ ಜಗತ್ತಿನಲ್ಲಿ ಹೊಸ ಪ್ರಭೇದ ಹಳೆಯದರ ಮಗಳಾಗಿ, ತಾಯಿಯನ್ನು ಹೋಲುತ್ತ ಹುಟ್ಟುತ್ತದೆ. ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿಯೇ ಬೇರೆಯವರು ಬೇರೆ ಮಾದರಿಗಳನ್ನು ಕಟ್ಟಿದ್ದಾರೆ. ಕಾಲ್ದರೆಲ್ಲಿ, ಹಿಗ್ಸ್, ಮೆಕೇನ್ 1998ರಲ್ಲಿ ರೂಪಿಸಿದ ವೆಬ್‌ವರ್ಲ್ಡ್ ಮಾದರಿಯಲ್ಲಿ ಹೊಸ ಪ್ರಭೇದ ಹಳೆಯದರ ರೂಪಾಂತರವಾಗಿಯೇ ಬರುತ್ತದೆ, ತಿನ್ನುವಿಕೆಯೂ ಉಂಟು. 2003ರಲ್ಲಿ ಜಪಾನಿನ ಮಿಚಿಯೊ ಕೊಂಡೊ ಇನ್ನೊಂದು ಅಂಶ ತೋರಿಸಿದರು: ಬೇಟೆಗಾರ ಪ್ರಾಣಿಗಳು ಲಾಭ ನೋಡಿ ಬೇಟೆಯನ್ನು ಬದಲಿಸಿಕೊಳ್ಳಬಲ್ಲವಾದರೆ ಮೇ ಅವರ ಫಲಿತಾಂಶ ತಲೆಕೆಳಗಾಗಬಹುದು, ದಟ್ಟವಾದ ಜಾಲವೇ ಹೆಚ್ಚು ಗಟ್ಟಿ. ಅಂದರೆ ಮಾದರಿಗಳು ಪರಸ್ಪರ ಜಗಳವಾಡುತ್ತವೆ. ಆದರೆ ಜಗಳ ಯಾವುದರ ಬಗ್ಗೆ ಎಂದು ನೋಡಿ. ಜಾಲ ಯಾವ ನಿಯಮದಿಂದ ಹೆಣೆದುಕೊಂಡಿದೆ, ಹಳಬರು ಎಷ್ಟು ಬೇಗ ತಮ್ಮ ಊಟ ಬದಲಿಸಿಕೊಳ್ಳಬಲ್ಲರು ಎಂಬುದರ ಬಗ್ಗೆ. ಹೊಸಬನ ಸ್ವಂತ ಗುಣಗಳಿಂದಷ್ಟೇ ಭವಿಷ್ಯ ಹೇಳಬಹುದು ಎನ್ನುವ ಮಾದರಿ ಇವುಗಳಲ್ಲಿ ಒಂದೂ ಇಲ್ಲ. ಇನ್ನು ಹೊಸಬರು ಆಕಾಶದಿಂದ ಬೀಳುವ ಮಾತು: ಹಡಗು, ವಿಮಾನ, ನರ್ಸರಿ, ಅಕ್ವೇರಿಯಂ ಅಂಗಡಿಗಳ ಈ ಕಾಲಕ್ಕೆ ಅದು ದುರದೃಷ್ಟವಶಾತ್ ಸಾಕಷ್ಟು ನಿಜವಾದ ಚಿತ್ರವೇ.

ಎರಡನೆಯ ಆಕ್ಷೇಪ ಇನ್ನಷ್ಟು ಬಲವಾದದ್ದು, ಅದು ಬಂದಿರುವುದೂ ಗಣಿತದಿಂದಲೇ. ನೈಲ್ ಪರ್ಚ್ ಎರಡು ದಶಕ ಸುಮ್ಮನಿದ್ದದ್ದನ್ನು ನೋಡಿದರೆ ಮಲಗಿದ್ದ ಹೊಸಬನ ಕಥೆ ಇಲ್ಲಿ ಹೇಳಿ ಮಾಡಿಸಿದಂತೆ ಹೊಂದುತ್ತದೆ. ಸಿಕ್ಲಿಡ್‌ಗಳು ಪರ್ಚ್ ಮರಿಗಳನ್ನು ಹತ್ತಿಕ್ಕಿದ್ದವು, ಮೀನುಗಾರಿಕೆಯಿಂದಲೂ ನೀರು ಕೆಟ್ಟದ್ದರಿಂದಲೂ ಸಿಕ್ಲಿಡ್‌ಗಳು ಸೊರಗಿದ ಮೇಲೆ ಪರ್ಚ್ ಮೇಲೆದ್ದಿತು ಎಂದು ಕೆಲವು ಸಂಶೋಧಕರು ವಾದಿಸಿದ್ದಾರೆ. ಆದರೆ 2013ರಲ್ಲಿ ಆಂಡ್ರಿಯಾ ಡೌನಿಂಗ್ ಮತ್ತು ಸಂಗಡಿಗರು ಬೇರೆ ಲೆಕ್ಕ ಮುಂದಿಟ್ಟರು. ಕೆಲವೇ ಮೀನುಗಳಿಂದ ಶುರುವಾಗಿ ಅಷ್ಟು ದೊಡ್ಡ ಸರೋವರದಲ್ಲಿ ಹರಡಿ ತುಂಬಿಕೊಳ್ಳಲು ಅಷ್ಟು ವರ್ಷ ಹೇಗೂ ಬೇಕು. ಯಾರೂ ತಡೆಯದಿದ್ದರೂ ಬೇಕು. ಬೆಳವಣಿಗೆ ಮತ್ತು ಹರಡುವಿಕೆ ಎರಡನ್ನೇ ಇಟ್ಟುಕೊಂಡ ಸರಳ ಮಾದರಿಯೇ ಆ ತಡವನ್ನು ವಿವರಿಸುತ್ತದೆ. ಇದನ್ನು ನಾನು ಒಪ್ಪುತ್ತೇನೆ: ತಡ ಮಾಡಿ ಬಂದ ಸ್ಫೋಟವೆಲ್ಲ ಜಾಲದ ಕೈವಾಡ ಎನ್ನಲಾಗದು. ಒಂದೇ ಸರೋವರ, ಒಂದೇ ಇತಿಹಾಸ. ಅದನ್ನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡುವಂತಿಲ್ಲ. ಆದರೆ ಡೌನಿಂಗ್ ಅವರ ಲೆಕ್ಕ ಉತ್ತರಿಸುವುದು ಯಾವಾಗ ಎಂಬ ಪ್ರಶ್ನೆಗೆ. ತುರ್ಕಾನಾದಲ್ಲಿ ಆಗದ್ದು ಇಲ್ಲೇಕೆ ಆಯಿತು ಎಂಬುದು ಹಾಗೇ ಉಳಿಯುತ್ತದೆ. ವಿಕ್ಟೋರಿಯಾದ ತಳ ಸುಮಾರು 15,000 ವರ್ಷಗಳ ಹಿಂದೆ ಒಣಗಿತ್ತು. ನೀರು ಮರಳಿದ ಮೇಲೆ ನೂರಾರು ಸಿಕ್ಲಿಡ್ ಪ್ರಭೇದಗಳು ಅಲ್ಲೇ ಕವಲೊಡೆದವು. ಇಷ್ಟು ದೊಡ್ಡ ಬೇಟೆಗಾರ ಮೀನು ಅಲ್ಲಿ ಹುಟ್ಟಿದ ಆ ಪ್ರಭೇದಗಳ ಅನುಭವದಲ್ಲಿ ಬಂದಿರಲೇ ಇಲ್ಲ. ಮೇಲಾಗಿ ಹೆಣ್ಣು ಸಿಕ್ಲಿಡ್ ತನ್ನ ಜಾತಿಯ ಗಂಡನ್ನು ಗುರುತಿಸುವುದು ಬಣ್ಣದಿಂದ. ನೀರು ಕದಡಿದ ಕಡೆ ಬಣ್ಣ ಕಾಣದೆ ಪ್ರಭೇದಗಳ ನಡುವಿನ ಗೆರೆಯೇ ಅಳಿಸಿಹೋಗುತ್ತಿದೆ ಎಂದು ಓಲೆ ಸೀಹೌಸನ್ ಮತ್ತಿತರರು 1997ರಲ್ಲಿ ತೋರಿಸಿದರು.

ಇತಿಹಾಸವನ್ನು ಹಿಂದಕ್ಕೆ ಓಡಿಸಬಹುದಾದ ಜಾಗವೊಂದಿದೆ: ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ ಅವರ ಪ್ರಯೋಗಾಲಯದ ಗಾಜಿನ ಬುರುಡೆಗಳು. 1988ರಲ್ಲಿ ಒಂದೇ ಇ. ಕೋಲಿ ಬ್ಯಾಕ್ಟೀರಿಯಾದ 12 ಸಂತತಿಗಳನ್ನು ಅವರು ಬೇರೆ ಬೇರೆ ಬುರುಡೆಗಳಲ್ಲಿ ಬೆಳೆಸತೊಡಗಿದರು. ಪ್ರತಿ 500 ತಲೆಮಾರಿಗೊಮ್ಮೆ ಮಾದರಿಯನ್ನು ಹೆಪ್ಪುಗಟ್ಟಿಸಿ ಇಟ್ಟರು. ಬುರುಡೆಯ ದ್ರವದಲ್ಲಿ ಗ್ಲೂಕೋಸ್ ಜೊತೆಗೆ ಸಿಟ್ರೇಟ್ ಕೂಡ ಇತ್ತು, ಆದರೆ ಆಮ್ಲಜನಕ ಇರುವಾಗ ಇ. ಕೋಲಿ ಅದನ್ನು ಮುಟ್ಟಲಾರದು. ಸುಮಾರು 31,500ನೇ ತಲೆಮಾರಿನ ಹೊತ್ತಿಗೆ ಒಂದೇ ಒಂದು ಬುರುಡೆಯಲ್ಲಿ ಸಿಟ್ರೇಟ್ ತಿನ್ನುವ ತಳಿ ಕಾಣಿಸಿಕೊಂಡು ಬುರುಡೆಯನ್ನೇ ಆಳತೊಡಗಿತು. ಹೊರಗಿನಿಂದ ಬಂದದ್ದಲ್ಲ, ಒಳಗೇ ಹುಟ್ಟಿದ ಹೊಸಬ. ಇದು ಬರಿಯ ಅದೃಷ್ಟದ ರೂಪಾಂತರವೇ ಎಂದು ಪರೀಕ್ಷಿಸಲು ಅದೇ ಪ್ರಯೋಗಾಲಯದ ಜಾಕರಿ ಬ್ಲೌಂಟ್ ಹೆಪ್ಪುಗಟ್ಟಿಸಿದ ಹಳೆಯ ಮಾದರಿಗಳಿಂದ ಆಟವನ್ನು ಮತ್ತೆ ಮತ್ತೆ ಆಡಿಸಿದರು. 20,000ನೇ ತಲೆಮಾರಿಗಿಂತ ಹಿಂದಿನ ಮಾದರಿಗಳಿಂದ ಸಿಟ್ರೇಟ್ ತಳಿ ಒಮ್ಮೆಯೂ ಹುಟ್ಟಲಿಲ್ಲ. ಅದರ ನಂತರದವುಗಳಿಂದ ಹುಟ್ಟಿತು. ಮೊದಲೇ ಏನೋ ಸಿದ್ಧವಾಗಿರಬೇಕಿತ್ತು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಹಿಡಿಸುತ್ತದೆ. ಗದ್ದುಗೆ ಹಿಡಿದ ತಳಿ ಹಳೆಯ ತಳಿಯನ್ನು ಕೂಡಲೇ ಅಳಿಸಲಿಲ್ಲ; ತಾನು ಹೊರಚೆಲ್ಲಿದ ಪದಾರ್ಥಗಳಿಂದ ಹಳಬನಿಗೆ ಹೊಸ ಊಟ ಒದಗಿಸಿತು. ಎರಡೂ 10,000 ತಲೆಮಾರುಗಳಿಗೂ ಹೆಚ್ಚು ಕಾಲ ಒಂದೇ ಬುರುಡೆಯಲ್ಲಿ ಬಾಳಿದವು. ಹೊಸಬ ಎಂದರೆ ಕೊಲೆಗಾರ ಎಂಬ ಸಮೀಕರಣ ಗಾಜಿನೊಳಗೂ ನಿಲ್ಲಲಿಲ್ಲ.

ಕೆಲವು ಜೀವಿಗಳು ಹೋದಲ್ಲೆಲ್ಲ ಹಾವಳಿ ಮಾಡುತ್ತವಲ್ಲ, ಅಂತರಗಂಗೆ, ಕಾಂಗ್ರೆಸ್ ಕಳೆ, ಲಂಟಾನ? ಇವುಗಳ ಸ್ವಭಾವಕ್ಕೆ ಪಾತ್ರವೇ ಇಲ್ಲವೇ? ಇದೆ. ಅದನ್ನು ಅಲ್ಲಗಳೆಯುವುದು ಮೂರ್ಖತನ. ಆದರೆ ಪ್ರಮಾಣ ನೋಡಿ: ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆಯ 2023ರ ವರದಿಯಂತೆ ಮನುಷ್ಯರು ಹೊಸ ಸೀಮೆಗಳಿಗೆ ಒಯ್ದ ಪ್ರಭೇದಗಳು 37,000ಕ್ಕೂ ಹೆಚ್ಚು; ಅವುಗಳಲ್ಲಿ ಹಾನಿಕಾರಕ ಎಂದು ದಾಖಲಾದವು ಸುಮಾರು 3,500. ಹತ್ತರಲ್ಲಿ ಒಂಬತ್ತು ಸುಮ್ಮನಿವೆ ಎಂದಾಯಿತು. ಇಂದು ಸುಮ್ಮನಿರುವವುಗಳಲ್ಲಿ ಯಾವುದು ಬರಿಯ ಪಾಪದ ಅತಿಥಿ, ಯಾವುದು ಮೂಲೆಯಲ್ಲಿ ಮಲಗಿರುವ ಆವರ್ತ ಎಂದು ಆ ಪಟ್ಟಿ ಹೇಳಲಾರದು.

ಲಂಟಾನದ ಕಥೆಯನ್ನೇ ಹತ್ತಿರದಿಂದ ನೋಡೋಣ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದ ಇದು ಇಂದು ದೇಶದ ಹುಲಿ ಕಾಡುಗಳ ಸುಮಾರು ಶೇ 40ರಷ್ಟು ಭಾಗದಲ್ಲಿ ಹಬ್ಬಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲೂ 2008ರಲ್ಲೂ ಲೆಕ್ಕ ಹಾಕಿದಾಗ, ಲಂಟಾನ ಇದ್ದ ಪ್ಲಾಟುಗಳ ಪ್ರಮಾಣ ಆ ಹನ್ನೊಂದು ವರ್ಷಗಳಲ್ಲಿ ಸರಿಸುಮಾರು ಇಮ್ಮಡಿಯಾಗಿತ್ತು. ಗಿಡ ಅಲ್ಲಿಗೆ ಹೊಸದಾಗಿ ಬಂದದ್ದೇನಲ್ಲ; ಬಹಳ ಹಿಂದೆಯೇ ಬಂದು ಕೂತಿತ್ತು. ಬದಲಾದದ್ದೇನು ಎಂಬುದಕ್ಕೆ ಸೋಲಿಗರ ಬಳಿ ಒಂದು ಉತ್ತರವಿದೆ. ಹಿಂದೆ ಬೇಸಿಗೆಯ ಆರಂಭದಲ್ಲೇ ಅವರು ತರಗು ಬೆಂಕಿ ಹಾಕುತ್ತಿದ್ದರು: ಒಣಗಿದೆಲೆಯನ್ನು ಮಾತ್ರ ಸುಡುವ, ನೆಲಕ್ಕಂಟಿ ಹರಿದು ಆರುವ ಕಿರು ಬೆಂಕಿ. ಎಳೆ ಲಂಟಾನ ಅದರಲ್ಲಿ ಸಾಯುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾಗಿ, ಬೆಂಕಿ ನಿಂತ ಮೇಲೆ ಗಿಡ ಮೇಲೆದ್ದಿತು. ಬೆಂಕಿಯೇ ಲಂಟಾನವನ್ನು ಹೆಚ್ಚಿಸುತ್ತದೆ, ಲಂಟಾನ ಬೆಂಕಿಯನ್ನು ಹೆಚ್ಚಿಸುತ್ತದೆ ಎಂಬ ಸಿದ್ಧಾಂತವೂ ಉಂಟು. ಅದನ್ನು 2005ರಲ್ಲಿ ಮುಂದಿಟ್ಟ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ ಅವರೇ ಮುಂದೆ ಸೋಲಿಗರ ವಿವರಣೆಯನ್ನೂ ಸಂಗ್ರಹಿಸಿ ಪ್ರಕಟಿಸಿದರು. ಎರಡೂ ಸರಿಯಿರಬಹುದು. ಬೇಗ ಹಾಕಿದ ತಂಪು ಬೆಂಕಿ ಒಂದು ಜಾಲ, ತಡವಾಗಿ ಬೀಳುವ ಉರಿಬೆಂಕಿ ಇನ್ನೊಂದು ಜಾಲ. ಒಂದರಲ್ಲಿ ಲಂಟಾನದ ಬೆಳವಣಿಗೆಯ ದರ ಸೊನ್ನೆಗಿಂತ ಕೆಳಗೆ, ಇನ್ನೊಂದರಲ್ಲಿ ಮೇಲೆ. ಗಿಡ ಒಂದೇ.

ಭವಿಷ್ಯ ಹೇಳಲಾಗದ ಗಣಿತದಿಂದ ಅರಣ್ಯಾಧಿಕಾರಿಗೆ ಏನು ಪ್ರಯೋಜನ ಎಂದು ಕೇಳಬಹುದು. ಯಾವ ಗಿಡ ಯಾವ ವರ್ಷ ಸ್ಫೋಟಿಸುತ್ತದೆ ಎಂದು ಈ ಮಾದರಿಗಳು ಹೇಳುವುದಿಲ್ಲ, ಹೇಳುತ್ತೇವೆ ಎನ್ನುವವರನ್ನು ನಂಬಬೇಡಿ. ಆದರೆ ಯಾವ ಜಾಲ ಹೊಸಬನಿಗೆ ಬಾಗಿಲು ತೆರೆದು ಕೂತಿದೆ ಎಂದು ಹೇಳಬಲ್ಲವು, ಅದಕ್ಕೆ ಬೇಕಾದ್ದು ಹಳಬರ ಲೆಕ್ಕ. ಲಂಟಾನ ಕಿತ್ತು ಖಾಲಿ ನೆಲ ಬಿಟ್ಟು ಬರುವ ಗುತ್ತಿಗೆ ಕೆಲಸ ಹಳೆಯ ಬಾಗಿಲನ್ನೇ ಮತ್ತೆ ತೆರೆದಿಟ್ಟಂತೆ; ಅದೇ ಕಳೆ ಅಥವಾ ಸೆನ್ನಾದಂಥ ಇನ್ನೊಂದು ಅಲ್ಲಿಗೆ ಬರುತ್ತದೆ. ಕಾರ್ಬೆಟ್ ಕಾಡಿನಲ್ಲಿ ಸಿ.ಆರ್. ಬಾಬು ಅವರ ತಂಡ ಬುಡ ಕತ್ತರಿಸಿ ಲಂಟಾನ ತೆಗೆದಲ್ಲಿ ಸ್ಥಳೀಯ ಹುಲ್ಲನ್ನೂ ಬೆಳೆಸಲು ಹೊರಟದ್ದು ಇದೇ ತರ್ಕದಿಂದ. ಹೊಸಬರ ಕಪ್ಪುಪಟ್ಟಿ ಮಾಡುವುದಕ್ಕೆ ವೆಚ್ಚವಾಗುವ ಹಣದ ಒಂದು ಪಾಲು, ಬಿಳಿಗಿರಿಯ ಆ ಪ್ಲಾಟುಗಳಂತೆ ಅಥವಾ ಭಾರತೀಯ ವಿಜ್ಞಾನ ಸಂಸ್ಥೆ ಮುದುಮಲೆಯಲ್ಲಿ 1988ರಿಂದ ಅಳೆಯುತ್ತ ಬಂದಿರುವ 50 ಹೆಕ್ಟೇರಿನಂತೆ, ಒಂದೇ ಜಾಗವನ್ನು ದಶಕಗಟ್ಟಲೆ ಮತ್ತೆ ಮತ್ತೆ ಎಣಿಸುವ ಕೆಲಸಕ್ಕೆ ಹೋಗಬೇಕು. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಎಲ್ಲೆಡೆ ಅಂಥ ಪ್ಲಾಟುಗಳಿರಲಿ. ಎಣಿಸುವ ತಂಡದಲ್ಲಿ ಆ ಕಾಡಿನ ಸೋಲಿಗರೋ ಜೇನುಕುರುಬರೋ ಸಂಬಳದ ಕೆಲಸಗಾರರಾಗಿ ಇರಲಿ.